ಮುನ್ನೂರನೆಯ ಆಟದ ಮುನ್ನೋಟ

ಫುಟ್‌ಬಾಲ್ ಕೋಚುಗಳಿಗೆ ಬಾಯಿ ಕೊಟ್ಟ ದೇವರು ಅದರೊಳಗೆ ಒಂದೇ ಒಂದು ವಾಕ್ಯ ಇಟ್ಟು ಕಳಿಸಿದ್ದಾನೆ: "ಒಂದೊಂದೇ ವಾರ ನೋಡ್ಕೊಂಡು ಹೋಗೋದು." ಏಪ್ರಿಲಿನಿಂದ ಆಗಸ್ಟಿನವರೆಗೆ ಪ್ರತಿ ಸೋಮವಾರ ನಾನು ಇದನ್ನು ಕೇಳಿಸಿಕೊಳ್ಳಬೇಕು. ಹತ್ತೊಂಬತ್ತು ವರ್ಷದಿಂದ ಕೇಳಿಸಿಕೊಳ್ಳುತ್ತಿದ್ದೇನೆ. ಯಾರಿಗೆ ಪೆಟ್ಟಾಗಿದೆ, ಯಾರು ಆಡುತ್ತಾರೆ, ಯಾರನ್ನು ಕೈಬಿಟ್ಟಿದ್ದೀರಿ, ಏನೇ ಕೇಳಿದರೂ ಉತ್ತರ ಅದೇ. ಅದನ್ನು ಇಟ್ಟುಕೊಂಡು ನಾನು ಮಂಗಳವಾರ ಸಂಜೆ ಆರರೊಳಗೆ ಅರ್ಧ ಪುಟ ತುಂಬಿಸಬೇಕು.

ನಮ್ಮ ವಾರಪತ್ರಿಕೆ ಗುರುವಾರ ಬೆಳಗ್ಗೆ ಬರುತ್ತದೆ. ಹದಿನಾಲ್ಕನೆಯ ಪುಟದಲ್ಲಿ ಶನಿವಾರದ ಆಟದ ಮುನ್ನೋಟ, ಅದರ ಕೆಳಗೆ 'ವಿಲ್ಮಾ ಟೀಗ್' ಎಂದು ನನ್ನ ಹೆಸರು. ಬೇರೆ ವಾರಗಳಲ್ಲಿ ಹೇಗೋ ನಡೆಯುತ್ತದೆ. ಟಲಾರಕ್ಕೂ ಮೆರಿಂಡಿಗೂ ಆಟವಿರುವ ವಾರ ಮಾತ್ರ ನನಗೆ ಊಟ ಸೇರುವುದಿಲ್ಲ. ಒಂದೇ ರಸ್ತೆಯ ಮೇಲಿರುವ ಎರಡು ಊರು, ನಡುವೆ ಇಪ್ಪತ್ತೆರಡು ಕಿಲೋಮೀಟರ್. ಇಲ್ಲೂ ಗೋಧಿ, ಅಲ್ಲೂ ಗೋಧಿ. ಇಲ್ಲಿಯ ಕುರಿಗೂ ಅಲ್ಲಿಯ ಕುರಿಗೂ ಉಣ್ಣೆ ಕತ್ತರಿಸುವವರು ಅವರೇ. ಆದರೂ ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗದು. ನಾನು ಹುಟ್ಟಿದ್ದು ಟಲಾರದಲ್ಲಿ, ಮದುವೆಯಾಗಿದ್ದು ಮೆರಿಂಡಿಯ ಕ್ಲೈವ್‌ನನ್ನು, ಮನೆಯಿರುವುದು ಮೆರಿಂಡಿಯಲ್ಲಿ. ಹೀಗಾಗಿ ನನ್ನನ್ನು ಎರಡೂ ಊರಿನವರು ಆಚೆ ಊರಿನ ಬೇಹುಗಾತಿ ಎಂದೇ ನಂಬಿದ್ದಾರೆ.

ಅದಕ್ಕೇ ನಾನೊಂದು ನಿಯಮ ಮಾಡಿಕೊಂಡಿದ್ದೆ. ನನ್ನ ತಮ್ಮ ಗಾರ್ತ್ ಟಲಾರದ ತಂಡದಲ್ಲಿ ಆಡುತ್ತಾನೆ. ಅವನನ್ನು ನಾನು ಏನೂ ಕೇಳುವುದಿಲ್ಲ, ಮುನ್ನೋಟದಲ್ಲಿ ಅವನ ಹೆಸರನ್ನೂ ಬರೆಯುವುದಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಬರೆದಿರಲಿಲ್ಲ. ಇದನ್ನು ನಾನು ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಬರೆಯಲಿಕ್ಕೆ ಅಂಥದ್ದೇನೂ ಇರಲಿಲ್ಲ ಎನ್ನುವುದೂ ನಿಜ. ನಮ್ಮದು ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಫುಟ್‌ಬಾಲ್, ನಾಲ್ಕು ಕ್ವಾರ್ಟರಿನಲ್ಲಿ ಹತ್ತಿಪ್ಪತ್ತು ಗೋಲು ಬೀಳುತ್ತವೆ. ಗಾರ್ತ್ ಹಿಂಬದಿ ಮೂಲೆ ಕಾಯುವವನು, ನಮ್ಮ ಗೋಲು ಕಂಬಗಳ ಪಕ್ಕದಲ್ಲಿ. ಅಲ್ಲಿ ನಿಂತವನು ಗೋಲು ಹೊಡೆಯುವುದಿಲ್ಲ, ಹೊಡೆಯಲು ಬಂದವನಿಗೆ ಅಡ್ಡ ಬೀಳುತ್ತಾನೆ. ಚೆನ್ನಾಗಿ ಆಡಿದ ದಿನ ಅವನು ಇದ್ದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ವಾರವಿಡೀ ಕೊಯ್ಲು ಯಂತ್ರ ರಿಪೇರಿ ಮಾಡುತ್ತಾನೆ, ಶನಿವಾರ ಮೂಲೆಯಲ್ಲಿ ನಿಲ್ಲುತ್ತಾನೆ. ಹದಿನೆಂಟಕ್ಕೆ ಶುರು ಮಾಡಿದವನು, ಈಗ ಮೂವತ್ತೆಂಟು. ಹೋದ ಶನಿವಾರದ ಆಟಕ್ಕೆ ಅವನ ಲೆಕ್ಕ ಇನ್ನೂರ ತೊಂಬತ್ತೊಂಬತ್ತು.

ನಮ್ಮ ಕಡೆ ಮುನ್ನೂರು ಎಂದರೆ ಸಣ್ಣ ಮಾತಲ್ಲ. ಕ್ಲಬ್ಬಿನ ಹೆಂಗಸರು ಬಣ್ಣದ ಕಾಗದ ಅಂಟಿಸಿ ಮನೆ ಎತ್ತರದ ಬ್ಯಾನರ್ ಮಾಡುತ್ತಾರೆ. ಆಟಗಾರ ತನ್ನ ಮಕ್ಕಳ ಕೈ ಹಿಡಿದು ಅದನ್ನು ಹರಿದುಕೊಂಡು ಮೈದಾನಕ್ಕೆ ಓಡಿ ಬರುತ್ತಾನೆ. ಅಂಚಿನಲ್ಲಿ ನಿಲ್ಲಿಸಿದ ಕಾರುಗಳೆಲ್ಲ ಹಾರನ್ ಹೊಡೆಯುತ್ತವೆ. ಟಲಾರದ ಇತಿಹಾಸದಲ್ಲಿ ಈವರೆಗೆ ಮೂರೇ ಜನ ಹಾಗೆ ಓಡಿದ್ದಾರೆ. ನಾಲ್ಕನೆಯವನು ನನ್ನ ತಮ್ಮ, ಅದೂ ಮೆರಿಂಡಿಯ ಎದುರು, ಅದೂ ಲೀಗಿನ ಕೊನೆಯ ವಾರ. ಈ ಆಟ ಗೆದ್ದವರಿಗೆ ನಾಲ್ಕನೆಯ ಸ್ಥಾನ, ಮೊದಲ ನಾಲ್ಕು ತಂಡಗಳಿಗೆ ಮಾತ್ರ ಸಿಗುವ ಫೈನಲ್ಸ್. ಸೋತವರು ಬೂಟು ತೊಳೆದು ಎತ್ತಿಡಬಹುದು. ಬರೆಯುವವಳಿಗೆ ಇದಕ್ಕಿಂತ ಇನ್ನೇನು ಬೇಕು? ಆದರೆ ಅವನು ಆಡುತ್ತಾನೋ ಇಲ್ಲವೋ ಎನ್ನುವುದೇ ತಿಳಿಯುತ್ತಿರಲಿಲ್ಲ.

ಸೋಮವಾರ ಮೊದಲು ಮೆರಿಂಡಿಯ ಕೋಚ್ ರಸ್‌ಗೆ ಫೋನ್ ಮಾಡಿದೆ.

"ಹೇಳಪ್ಪ ರಸ್, ಶನಿವಾರಕ್ಕೆ ಯಾರ್ಯಾರು?"

"ಎಲ್ಲ ಚೆನ್ನಾಗಿದಾರೆ ವಿಲ್ಮಾ. ಒಂದೊಂದೇ ವಾರ ನೋಡ್ಕೊಂಡು ಹೋಗೋದು."

"ಇದೇ ಕೊನೇ ವಾರ ಮಾರಾಯ. ಇದು ಬಿಟ್ರೆ ನೋಡೋಕೆ ವಾರವೇ ಇಲ್ಲ."

"ಅದಕ್ಕೇ, ಈ ವಾರ ನೋಡ್ಕೊಂಡು ಹೋಗೋದು." ಆಮೇಲೆ ದನಿ ತಗ್ಗಿಸಿದ. "ಒಂದು ಉಪಕಾರ ಮಾಡ್ತೀರಾ? ನಾವು ಸೋಲ್ತೀವಿ ಅಂತ ಬರೀರಿ. ಸ್ವಲ್ಪ ಖಾರವಾಗಿರಲಿ. ಗೋಡೆಗೆ ಬೇಕಿತ್ತು."

ಗೋಡೆ ಎಂದರೆ ಅವರ ಡ್ರೆಸಿಂಗ್ ರೂಮಿನ ಗೋಡೆ. ಯಾರಾದರೂ ತಮ್ಮನ್ನು ಕೀಳು ಮಾಡಿ ಬರೆದರೆ ಆ ತುಂಡನ್ನು ಕತ್ತರಿಸಿ ಬಾಗಿಲ ಪಕ್ಕ ಪಿನ್ನು ಹೊಡೆಯುವುದು ನಮ್ಮ ಲೀಗಿನಲ್ಲಿ ಎಲ್ಲ ಕ್ಲಬ್ಬಿನ ಚಾಳಿ. ಆಟಗಾರರು ಹೊರಡುವ ಮುಂಚೆ ಒಬ್ಬೊಬ್ಬರೂ ಅದನ್ನು ಕೈಯಿಂದ ಬಡಿದು ಹೋಗುತ್ತಾರೆ. ಆರು ವರ್ಷದ ಕೆಳಗೆ ನಾನು, ಮೆರಿಂಡಿಯವರಿಗೆ ಕೊನೆಯ ಕ್ವಾರ್ಟರಿನಲ್ಲಿ ಉಸಿರು ಸಾಲುವುದಿಲ್ಲ ಎಂದು ಒಂದು ಸಾಲು ಬರೆದಿದ್ದೆ. ಅವರು ಕೊನೆಯ ಕ್ವಾರ್ಟರಿನಲ್ಲಿ ಏಳು ಗೋಲು ಹೊಡೆದು ಗೆದ್ದರು. ಟಲಾರದ ಬೇಕರಿಯವಳು ಒಂದು ವಾರ ನನಗೆ ನಿನ್ನೆಯ ಬ್ರೆಡ್ಡು ಕೊಟ್ಟಳು. ಕ್ಲೈವ್ ಆ ತುಂಡನ್ನು ಪಿನ್ನಿನ ತೂತಿನ ಸಮೇತ ತಂದು ನಮ್ಮ ಫ್ರಿಜ್ಜಿಗೆ ಅಂಟಿಸಿದ. ಅದು ಇನ್ನೂ ಅಲ್ಲೇ ಇದೆ.

ಅಲ್ಲಿಂದ ಮುಂದೆ ಇಬ್ಬರು ಕೋಚುಗಳದ್ದೂ ಒಂದೇ ಹಾಡು: ನಾವು ಸೋಲುತ್ತೇವೆ ಅಂತ ಬರೀರಿ. ಇಪ್ಪತ್ತೆರಡು ಆಟಗಾರರಿಗೆ ಸಿಟ್ಟು ಬರಿಸುವ ಕೆಲಸವನ್ನು ಇವರು ಮಾಡದೆ ನನ್ನ ತಲೆಗೆ ಕಟ್ಟಿದ್ದಾರೆ. ನನಗೆ ಬರುವ ಸಿಟ್ಟಿಗೆ ಯಾವ ಗೋಡೆಯೂ ಇಲ್ಲ.

ಮಧ್ಯಾಹ್ನ ಟಲಾರಕ್ಕೆ ಹೋದೆ. ನಮ್ಮ ಕೋಚ್ ಲಾಕಿ ಹ್ಯಾಲರನ್‌ಗೆ ಮುಖ್ಯ ರಸ್ತೆಯಲ್ಲಿ ಟಯರ್ ಅಂಗಡಿಯಿದೆ. ಮೂವತ್ತೈದರ ವಯಸ್ಸು, ಬೇರೆ ಕಡೆಯಿಂದ ಬಂದು ಮೂರು ವರ್ಷವಾಗಿದೆ. ಟ್ರ್ಯಾಕ್ಟರಿನ ಚಕ್ರದ ಹಿಂದಿನಿಂದ ತಲೆ ಎತ್ತಿದವನು ನನ್ನನ್ನು ಕಂಡು ಮತ್ತೆ ಚಕ್ರದ ಹಿಂದೆ ಹೋದ.

"ಲಾಕಿ, ಒಂದೇ ಪ್ರಶ್ನೆ. ಗಾರ್ತ್ ಆಡ್ತಾನಾ?"

"ಗುರುವಾರ ತಂಡ ಓದ್ತೀನಲ್ಲ ವಿಲ್ಮಾ."

"ಗುರುವಾರ ಸಂಜೆ ನೀವು ಓದ್ತೀರ, ಗುರುವಾರ ಬೆಳಗ್ಗೆ ನನ್ನ ಪತ್ರಿಕೆ ಬರುತ್ತೆ. ಊರಿಗೆ ಊರೇ ಮುನ್ನೂರು ಮುನ್ನೂರು ಅಂತಿದೆ. ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಹೇಳಿ ಸಾಕು."

"ಒಂದೊಂದೇ ವಾರ—"

"ಅದನ್ನ ಹೇಳ್ಬೇಡಿ!"

ಅವನು ಹೇಳಿದ. ಪೂರ್ತಿ ಹೇಳಿದ.

ಆಗ ನನ್ನ ಕಣ್ಣು ಗೋಡೆಯ ಬಿಳಿ ಹಲಗೆಯ ಮೇಲೆ ಬಿತ್ತು. ಟಯರುಗಳ ಅಳತೆಯ ಕೆಳಗೆ, ಮೂಲೆಯಲ್ಲಿ, ಮೈದಾನದ ಆಕಾರದ ಒಂದು ಉದ್ದನೆಯ ದುಂಡು ಗೀಚಿ ಅದರೊಳಗೆ ಹೆಸರುಗಳನ್ನು ಬರೆದಿದ್ದ. ಹಿಂಬದಿ ಮೂಲೆಯಲ್ಲಿ ನನ್ನ ತಮ್ಮನ ಹೆಸರಿರಲಿಲ್ಲ. 'ಫ್ಲಿನ್' ಎಂದಿತ್ತು. ಫ್ಲಿನ್ ಗೋಧಿ ಲಾರಿ ಓಡಿಸುವ ಹುಡುಗ, ಇಪ್ಪತ್ಮೂರು ವರ್ಷ, ಕಾಲಿನಲ್ಲಿ ಒಳ್ಳೆಯ ವೇಗ, ಟಲಾರಕ್ಕೆ ಆಡಿದ್ದು ಎಲ್ಲ ಸೇರಿ ಹನ್ನೊಂದು ಆಟ. ನಾನು ನೋಡಿದ್ದನ್ನು ಹ್ಯಾಲರನ್ ನೋಡಿದ. ಎದ್ದು ಬಂದು ಹಲಗೆಯನ್ನು ಅಂಗಿಯ ತೋಳಿನಿಂದ ಒರೆಸಿಬಿಟ್ಟ. ಟಯರಿನ ಅಳತೆಗಳೂ ಹೋದವು.

"ನೀವು ಏನೂ ನೋಡಿಲ್ಲ," ಎಂದ.

ಮೈಯೆಲ್ಲ ಉರಿದುಹೋಯಿತು. ಇಪ್ಪತ್ತು ವರ್ಷ ಇದೇ ಮೂಲೆಯಲ್ಲಿ ಮೂಗು ಮುರಿಸಿಕೊಂಡು, ಬೆರಳು ಮುರಿಸಿಕೊಂಡು ನಿಂತವನು. ಟಲಾರ ಕಳೆದ ಬಾರಿ ಫೈನಲ್ಸಿಗೆ ಹೋದಾಗ ಹಿಂದಿನ ವಾರವೇ ಕೊರಳ ಎಲುಬು ಮುರಿದುಕೊಂಡು ಕಂಬಿಯಾಚೆ ನಿಂತು ನೋಡಿದವನು. ಅದಕ್ಕೂ ಹನ್ನೊಂದು ವರ್ಷವಾಯಿತು. ಅಂಥವನನ್ನು ಮುನ್ನೂರಕ್ಕೆ ಒಂದು ಬಾಕಿಯಿರುವಾಗ ಟಯರು ಮಾರುವವನೊಬ್ಬ ತೋಳಿನಿಂದ ಒರೆಸಿಹಾಕುವುದೇ? ಮೇ ತಿಂಗಳಿನ ಆಟದಲ್ಲಿ ಮೆರಿಂಡಿಯ ಕೋಬಿ ಆನ್ಸೆಲ್ ಗಾರ್ತ್‌ನ ಮೂಲೆಯಿಂದ ಆರು ಗೋಲು ಹೊಡೆದಿದ್ದ, ಅದು ನನಗೂ ಗೊತ್ತು. ಅಷ್ಟಕ್ಕೆ ಕೈಬಿಡುವುದೇ?

ಮಂಗಳವಾರ ಸಂಜೆ ಐದಕ್ಕೆ ಅಡುಗೆಮನೆಯ ಮೇಜಿನ ಮೇಲೆ ಕೂತು ಬರೆದೆ. ಶುರುವಿಗೆ ಎರಡೂ ತಂಡದ ಬಲಾಬಲ, ಗಾಳಿ ಯಾವ ಕಡೆ ಬೀಸಬಹುದು, ಕೋಬಿಯ ಕಾಲು, ಎಲ್ಲ ಎಂದಿನಂತೆ. ಆಮೇಲೆ ಬೆರಳು ತಾನಾಗಿ ಹೋಯಿತು: 'ಶನಿವಾರ ಟಲಾರದ ಹಿಂಬದಿ ಮೂಲೆಯಲ್ಲಿ ಗಾರ್ತ್ ಲಿಂಡೊ ತಮ್ಮ ಮುನ್ನೂರನೆಯ ಆಟ ಆಡಲಿದ್ದಾರೆ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ದುಡಿದ ಇವರನ್ನು ಅಂದು ಎರಡೂ ಊರು ಎದ್ದು ನಿಂತು ನೋಡಬೇಕು.' ಅಚ್ಚಾದ ಮೇಲೆ ಹ್ಯಾಲರನ್ ಏನು ಮಾಡುತ್ತಾನೆ ನೋಡೋಣ ಎಂದುಕೊಂಡೆ. ಊರಿನ ಎದುರು ಒರೆಸಲಿ, ಧೈರ್ಯವಿದ್ದರೆ.

ಕ್ಲೈವ್ ಚಹಾ ಲೋಟ ಹಿಡಿದು ಬೆನ್ನ ಹಿಂದೆ ಬಂದು ನಿಂತ. ಇವನು ಒಂದು ಕಾಲಕ್ಕೆ ಮೆರಿಂಡಿಗೆ ಗೋಲು ಹೊಡೆದವನು. ಈಗ ಅದೇ ಕ್ಲಬ್ಬಿನ ಆಟದ ದಿನ ಗಡಿಯಾರ ನೋಡಿ ಗಂಟೆ ಬಾರಿಸುತ್ತಾನೆ. ಕ್ಲಬ್ಬಿಗೆ ಸಂಬಂಧಪಟ್ಟ ಮಾತು ಇವನ ಕಿವಿಗೆ ಬಿದ್ದರೆ ಹತ್ತು ನಿಮಿಷದಲ್ಲಿ ರಸ್‌ನ ಕಿವಿಯಲ್ಲಿರುತ್ತದೆ.

"ಓಹೋ, ತಮ್ಮನ ಹೆಸರು ಬಂತಲ್ಲ! ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?"

"ಸುಮ್ನಿರು."

"ಹ್ಯಾಲರನ್ ಹೇಳಿದ್ನಾ, ಆಡ್ತಾನೆ ಅಂತ?"

"ಅವನು ಹೇಳ್ಬೇಕಾಗಿಲ್ಲ. ಅವನಿಗೆ ಮನುಷ್ಯತ್ವ ಇಲ್ಲ."

"ಗಾರ್ತ್‌ನ ಕೇಳಿದ್ಯಾ?"

"ನನ್ನ ತಮ್ಮನ್ನ ನಾನು ಕೇಳಲ್ಲ. ಅದು ನನ್ನ ನಿಯಮ, ನಿನಗೂ ಗೊತ್ತು."

"ಹೆಸರು ಬರೀಬಾರದು ಅನ್ನೋದೂ ನಿಯಮವೇ ಆಗಿತ್ತಲ್ಲೇ," ಎಂದು ಚಹಾ ಹೀರಿದ. ಅವನನ್ನು ಹೊರಗೆ ಅಟ್ಟಿ, ಆರಕ್ಕೆ ಐದು ನಿಮಿಷವಿರುವಾಗ ಮುನ್ನೋಟವನ್ನು ಪತ್ರಿಕೆಗೆ ಕಳಿಸಿದೆ.

ಗುರುವಾರ ಬೆಳಗ್ಗೆಯಿಂದ ಫೋನ್ ನಿಲ್ಲಲಿಲ್ಲ. ಬ್ಯಾನರಿನ ಉಸ್ತುವಾರಿ ಬೆರಿಲ್ ಸ್ಟಾಕ್ಸ್ ಎಂಬ ಮುದುಕಿಯದು. ಕೆಂಪು ಕಾಗದ ಸಾಲದೆಂದು ಆಕೆ ತನ್ನ ಮಗಳನ್ನು ಪೇಟೆಗೆ ಓಡಿಸಿದ್ದಳು. 'ಮುನ್ನೂರು ಅಂಕಿ ಒಂದಾಳೆತ್ತರ ಮಾಡ್ತಿದೀವಿ ಕಣೇ,' ಎಂದು ಕೂಗಿದಳು. ಬೇಕರಿಯವಳು ನನಗೆ ಬಿಸಿ ಬ್ರೆಡ್ಡು ಕೊಟ್ಟಳು, ದುಡ್ಡು ಬೇಡ ಎಂದಳು. ಹ್ಯಾಲರನ್‌ಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಎತ್ತದಿದ್ದರೆ ಬೇಡ. ಈ ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ.

ಗುರುವಾರ ಸಂಜೆ ತರಬೇತಿ ಮುಗಿದ ಮೇಲೆ ಕ್ಲಬ್ಬಿನ ಸಭಾಂಗಣದಲ್ಲಿ ಊರಿನವರಿಗೆಲ್ಲ ಊಟ. ಊಟದ ನಡುವೆ ಕೋಚ್ ಎದ್ದು ನಿಂತು ಶನಿವಾರದ ತಂಡ ಓದುತ್ತಾನೆ. ಕ್ಲೈವ್ ಮೆರಿಂಡಿಯ ಹಳದಿ ಮಫ್ಲರ್ ಸುತ್ತಿಕೊಂಡೇ ನನ್ನ ಜೊತೆ ಬರುತ್ತಾನೆ. ಟಲಾರದವರಿಗೆ ಆಟ ಬರದಿದ್ದರೂ ಮಟನ್ ಬೇಯಿಸುವುದು ಬರುತ್ತದೆ ಎಂದು ಪ್ರತಿ ವಾರ ಅದೇ ಹಾಸ್ಯ ಮಾಡುತ್ತಾನೆ. ಅವನು ಒಳಗೆ ಹೋದ. ನಾನು ಕಾರಿನ ಬಾಗಿಲು ಹಾಕಿ ತಿರುಗಿದರೆ ಡ್ರೆಸಿಂಗ್ ರೂಮಿನ ಹೊರಗೆ, ಬೋರಲು ಹಾಕಿದ ಹಾಲಿನ ಕ್ರೇಟಿನ ಮೇಲೆ ಗಾರ್ತ್ ಕೂತಿದ್ದ. ಪ್ಯಾಂಟು ಮೇಲೆ ಮಡಚಿ ಮಂಡಿಯ ಮೇಲೆ ಮಂಜುಗಡ್ಡೆಯ ಚೀಲ ಇಟ್ಟುಕೊಂಡಿದ್ದ.

"ಪ್ರಾಕ್ಟೀಸ್ ಮುಗೀತಾ?" ಎಂದೆ.

"ಮಾಡ್ಲಿಲ್ಲ."

"ಯಾಕೆ, ಬಿಡ್ಲಿಲ್ವಾ ನಿಮ್ಮ ಮಹಾನ್ ಕೋಚು?"

ಅವನು ಜಾಕೆಟಿನ ಒಳಗಿನಿಂದ ಮಡಚಿದ ಪತ್ರಿಕೆ ತೆಗೆದ. "ಇದನ್ನ ಬರೀವಾಗ ಯಾರ್ಯಾರನ್ನ ಕೇಳಿದೆ ವಿಲ್?"

"ಎಲ್ಲರನ್ನೂ. ರಸ್‌ನ ಕೇಳಿದೆ, ಹ್ಯಾಲರನ್‌ನ ಅಂಗಡಿಗೇ ಹೋಗಿ ಕೇಳಿದೆ."

"ನನ್ನನ್ನ?"

"ನಿನ್ನನ್ನ ನಾನು ಕೇಳಲ್ಲ ಅಂತ ನಿನಗೂ ಗೊತ್ತಲ್ಲ, ನನ್ನ ನಿಯಮ—"

"ಭಾನುವಾರ ನೀನು ನಮ್ಮನೇಲೇ ಊಟ ಮಾಡಿದೆ," ಎಂದ ಗಾರ್ತ್. ಅವನು ಸಿಟ್ಟಾದರೆ ದನಿ ಏರಿಸುವವನಲ್ಲ, ಇನ್ನೂ ಮೆಲ್ಲಗಾಗುತ್ತಾನೆ. "ಮೇಜಿನ ಆ ಕಡೆ ನೀನು, ಈ ಕಡೆ ನಾನು. ಆಲೂಗಡ್ಡೆ ಚೆನ್ನಾಗಿ ಹುರಿದಿದೆ ಅಂದೆ. ಮಂಡಿ ಹೇಗಿದೆ ಅಂತ ಕೇಳ್ಲಿಲ್ಲ."

ಚೀಲ ಎತ್ತಿ ತೋರಿಸಿದ. ಮಂಡಿ ಊದಿ, ಎಲುಬು ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ.

"ನೀನು ಮನೆಗೆ ಹೋದ ಮೇಲೆ ಹ್ಯಾಲರನ್ ಮನೆಗೆ ಹೋದೆ. ಶನಿವಾರ ನನ್ನನ್ನ ಬಿಡು ಅಂತ ನಾನೇ ಹೇಳಿದೆ. ಈ ಕಾಲಲ್ಲಿ ಕೋಬಿ ಹಿಂದೆ ಓಡಿದ್ರೆ ಆರಲ್ಲ, ಹತ್ತು ಹೊಡೀತಾನೆ. ಫ್ಲಿನ್ ನಿಂತ್ರೆ ಹಿಡೀತಾನೆ. ಗೆದ್ರೆ ಮುಂದಿನ ಶನಿವಾರ ಫೈನಲ್ಲು, ಮೂರನೇ ಸ್ಥಾನದಲ್ಲಿರೋ ಪಚೂಲದ ತಂಡದ ಮೇಲೆ. ಅವರಲ್ಲಿ ಗೋಲು ಹೊಡೆಯೋರೆಲ್ಲ ನನಗಿಂತ ಮುದುಕರು. ಅಷ್ಟರಲ್ಲಿ ಊತ ಇಳಿಯುತ್ತೆ. ಅದು ನನ್ನ ಮುನ್ನೂರನೇದು. ಮಾತು ಕೊಟ್ಟಿದಾನೆ." ಪತ್ರಿಕೆಯನ್ನು ಮತ್ತೆ ಮಡಚಿದ. "ಇಪ್ಪತ್ತು ವರ್ಷ ವಿಲ್. ಒಂದೇ ಒಂದು ಫೈನಲ್ ಆಡಿಲ್ಲ ನಾನು."

ನನ್ನ ತಪ್ಪು ನನಗೇ ಕಂಡಾಗ ನಾನು ಸಾಮಾನ್ಯವಾಗಿ ಇನ್ನೊಬ್ಬರ ತಪ್ಪು ಹುಡುಕುತ್ತೇನೆ. "ನನಗೊಂದು ಮಾತು ಹೇಳಬಾರದಿತ್ತಾ? ಅಷ್ಟೂ ನಂಬಿಕೆ ಇಲ್ವಾ?"

"ಹೇಳ್ಬಹುದಿತ್ತು. ಆಮೇಲೆ ನೀನು ಯಾರ ಜೊತೆ ಊಟಕ್ಕೆ ಕೂರ್ತೀಯ?" ಎಂದು ಸಭಾಂಗಣದ ಕಡೆ ಕತ್ತು ತಿರುಗಿಸಿದ. ಕಿಟಕಿಯಲ್ಲಿ ಕ್ಲೈವ್‌ನ ಹಳದಿ ಮಫ್ಲರ್ ಕಾಣುತ್ತಿತ್ತು. "ಟಲಾರದೋರು ಗೆದ್ದೇಬಿಟ್ಟಿದೀವಿ ಅಂದ್ಕೊಂಡು ಆಗ್ಲೇ ಫೈನಲ್ಲಿಗೆ ಅಂತ ಒಬ್ಬನ್ನ ಎತ್ತಿಟ್ಟಿದಾರೆ. ಈ ಒಂದು ಮಾತು ಮೆರಿಂಡಿಯ ಗೋಡೆ ಸೇರಿದ್ರೆ ಆ ಹುಡುಗರು ನಮ್ಮನ್ನ ಮೈದಾನದಲ್ಲೇ ಹೂತು ಹಾಕ್ತಾರೆ."

"ಹಾಗಾದ್ರೆ ಮಂಡಿ ನೋವು ಅಂತ ಹೇಳ್ಬಿಡು. ಅಷ್ಟೇ ಹೇಳು."

"ಹೇಳಿದ್ರೆ ಪಚೂಲದೋರು ಮುಂದಿನ ವಾರ ಮೊದಲನೇ ನಿಮಿಷದಿಂದ ಇದೇ ಮಂಡಿ ಮೇಲೆ ಬೀಳ್ತಾರೆ. ನೀನು ಇಷ್ಟು ವರ್ಷ ಬರೆದಿದೀಯ, ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಕುಂಟುವವನನ್ನು ಯಾವ ತಂಡವೂ ಬಿಡುವುದಿಲ್ಲ ಎಂದು ನಾನೇ ಎಷ್ಟೋ ಸಲ ಬರೆದಿದ್ದೇನೆ.

"ಮಧ್ಯಾಹ್ನ ಹ್ಯಾಲರನ್ ಫೋನ್ ಮಾಡಿದ್ದ," ಎಂದ ಗಾರ್ತ್. "ಊರು ಹೀಗೆ ಎದ್ದು ಕೂತಿದೆ, ಏನ್ ಮಾಡ್ಲಿ ಅಂದ. ಬೇಡ, ಮಾತು ಮಾತೇ ಅಂದೆ. ಸರಿ, ಬೈಗುಳ ನನಗಿರಲಿ ಅಂದ." ಗೋಡೆ ಹಿಡಿದು ಎದ್ದ. ಎದ್ದು ಎರಡು ಹೆಜ್ಜೆ ಸರಿಯಾಗಿ ಇಟ್ಟು ಅಭ್ಯಾಸ ಮಾಡಿಕೊಂಡ, ಕುಂಟು ಕಾಣದ ಹಾಗೆ. "ನೀನು ಒಂದು ಕೆಲಸ ಮಾಡು. ಶನಿವಾರ ಸಂಜೆ ತನಕ ಬಾಯಿ ಮುಚ್ಕೊಂಡಿರು. ಬರೀಬೇಡ, ಹೇಳ್ಬೇಡ, ಸರಿ ಮಾಡೋಕೆ ಹೋಗ್ಬೇಡ."

ಒಳಗೆ ಕಾಲಿಡಲು ಜಾಗವಿರಲಿಲ್ಲ. ಬೆರಿಲ್ ಮತ್ತು ಅವಳ ಬಳಗದವರ ಬೆರಳೆಲ್ಲ ಇನ್ನೂ ಅಂಟು ಅಂಟು. ಗಾರ್ತ್ ಬಂದಾಗ ಕುರ್ಚಿಗಳು ಹಿಂದೆ ಸರಿದವು, ಬೆನ್ನು ತಟ್ಟಿದರು. ಅವನು ತಟ್ಟೆ ಹಾಕಿಸಿಕೊಂಡು ಹೆಂಡತಿ ಪಕ್ಕ ಕೂತ. ನಾನು ಕ್ಲೈವ್‌ನ ಪಕ್ಕ ಕೂತೆ. ತಟ್ಟೆಯಲ್ಲಿ ಏನಿತ್ತೋ ನೆನಪಿಲ್ಲ.

ಹ್ಯಾಲರನ್ ಎದ್ದು ನಿಂತು ಚೀಟಿ ಬಿಚ್ಚಿದ. ತಂಡವನ್ನು ಹಿಂದಿನಿಂದ ಮುಂದಕ್ಕೆ ಓದುವುದು ಪದ್ಧತಿ, ಹೀಗಾಗಿ ಮೊದಲ ಹೆಸರೇ ಹಿಂಬದಿ ಮೂಲೆಯದು. ಇಷ್ಟು ವರ್ಷ ಆ ಮೊದಲ ಹೆಸರು ಒಂದೇ ಆಗಿತ್ತು. ಬೆರಿಲ್ ಚಪ್ಪಾಳೆಗೆಂದು ಕೈ ಎತ್ತಿಯೂ ಆಗಿತ್ತು.

"ಹಿಂಬದಿ ಮೂಲೆ, ಫ್ಲಿನ್ ಓಕ್ಸ್."

ಆಮೇಲೆ ಶುರುವಾಯಿತು.

"ಏನಂದೆ? ಇನ್ನೊಂದು ಸಲ ಓದು!"

"ಗಾರ್ತ್ ಎಲ್ಲಯ್ಯ? ಗಾರ್ತ್ ಹೆಸರೆಲ್ಲಿ?"

"ಪೇಪರಲ್ಲಿ ಬಂದಿದೆ, ಕಣ್ಣು ಕಾಣಲ್ವಾ ಇವನಿಗೆ?"

ಬೆರಿಲ್ ಎದ್ದು ನಿಂತಳು. "ಬೆಳಗ್ಗೆಯಿಂದ ಹನ್ನೆರಡು ಜನ ಕೂತು ಅಂಟಿಸಿದೀವಿ. ನಿನಗೆ ಅಕ್ಕ ತಂಗಿ ಯಾರೂ ಇಲ್ವೇನೋ?"

"ಕೆಳಗಿನ ಹೆಸರುಗಳನ್ನ ಓದಿ ಮುಗಿಸ್ತೀನಿ," ಎಂದ ಹ್ಯಾಲರನ್. ಓದಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಕ್ಲಬ್ಬಿನ ಹಳೆಯ ಅಧ್ಯಕ್ಷ ತಟ್ಟೆ ದೂಡಿ, ನಿನ್ನ ಅಂಗಡಿಯಲ್ಲಿ ಇನ್ನು ಸೈಕಲ್ ಟಯರೂ ಹಾಕಿಸಲ್ಲ ಎಂದ. ಹಿಂದಿನ ಮೇಜಿನವರು ಊಳಿಟ್ಟರು. ಫ್ಲಿನ್ ಪಾಪ ಕಿವಿಯವರೆಗೂ ಕೆಂಪಾಗಿ ಮೇಜಿನ ಮೇಲಿನ ಉಪ್ಪಿನ ಡಬ್ಬಿ ನೋಡುತ್ತಿದ್ದ. ಗಾರ್ತ್ ತಲೆ ಎತ್ತದೆ ಬಟಾಣಿಯನ್ನು ಒಂದೊಂದಾಗಿ ಫೋರ್ಕಿಗೆ ಚುಚ್ಚಿ ತಿನ್ನುತ್ತಿದ್ದ. ನೋಡಿದವರಿಗೆ ಅದು ದುಃಖದ ಹಾಗೆ ಕಾಣುತ್ತಿತ್ತು.

ನನ್ನ ಬಾಯಿಯಲ್ಲಿ ಪೂರ್ತಿ ಉತ್ತರವಿತ್ತು. ಒಂದು ವಾಕ್ಯ ಹೇಳಿದರೆ ಆ ಸಭಾಂಗಣ ತಣ್ಣಗಾಗುತ್ತಿತ್ತು. ಪಕ್ಕದಲ್ಲಿ ಹಳದಿ ಮಫ್ಲರ್ ಕೂತಿತ್ತು, ಎರಡೂ ಕಿವಿ ಬಿಚ್ಚಿಕೊಂಡು. ನಾನು ಬರೆದ ನಾಲ್ಕು ಸಾಲಿಗೆ ಒಬ್ಬ ಮನುಷ್ಯ ಊರಿನ ಬೈಗುಳವನ್ನೆಲ್ಲ ನಿಂತು ತಿನ್ನುತ್ತಿದ್ದ, ನಾನು ಕೂತು ನೋಡುತ್ತಿದ್ದೆ.

"ವಿಲ್ಮಾ, ಬರೀಬೇಕು ನೀವು!" ಎಂದು ಹಳೆಯ ಅಧ್ಯಕ್ಷ ನನ್ನ ಕಡೆ ತಿರುಗಿದ. "ಮುಂದಿನ ವಾರ ಇವನ ಬಗ್ಗೆ ಸರಿಯಾಗಿ ಬರೀರಿ!"

ಎಲ್ಲರೂ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ನನ್ನ ಬಗ್ಗೆ ನನಗೇ ಅಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

ಚಹಾ ಇಟ್ಟಿದ್ದ ಮೇಜಿನ ಹತ್ತಿರ ಹ್ಯಾಲರನ್ ಒಬ್ಬನೇ ನಿಂತಿದ್ದ. ಅವನ ಸುತ್ತ ಎರಡು ಮಾರು ಜಾಗ ಖಾಲಿ. ಲೋಟ ಹಿಡಿದು ಹೋದೆ.

"ಲಾಕಿ, ನಾನು..." ಎಂದೆ.

ಅವನು ನನ್ನ ಲೋಟಕ್ಕೆ ಬಿಸಿನೀರು ಬಿಟ್ಟ. "ಗಾರ್ತ್ ಹೇಳಿದ್ನಾ?"

"ಹೇಳಿದ."

"ಸರಿ. ಹಾಗಾದ್ರೆ ಒಂದು ಉಪಕಾರ ಮಾಡಿ ವಿಲ್ಮಾ. ಶನಿವಾರದ ತನಕ."

"ಏನು ಬೇಕಾದ್ರೂ ಹೇಳಿ. ಬೆರಿಲ್‌ಗೆ ನಾನು ಸಮಾಧಾನ—"

"ನನ್ನನ್ನ ಬೈತಾ ಇರಿ," ಎಂದ. "ಸೋಮವಾರದಿಂದ ಬೈತಾ ಇದೀರಲ್ಲ, ಹಾಗೇ. ನೀವು ನಿಲ್ಲಿಸಿದ್ರೆ ನಿಮ್ಮ ಯಜಮಾನರಿಗೆ ವಾಸನೆ ಹತ್ತುತ್ತೆ."

ಏಳೂವರೆಗೆ ಹೊರಟೆವು. ಬೆರಿಲ್‌ನ ಬ್ಯಾನರ್ ಸಭಾಂಗಣದ ಹೊರಗೆ ಗೋಡೆಗೆ ಒರಗಿತ್ತು, ಸುರುಳಿ ಸುತ್ತಿ. ಎರಡು ಸೊನ್ನೆಗಳ ಅಂಟು ಇನ್ನೂ ಒಣಗಿರಲಿಲ್ಲ. ಕಾರು ಕ್ಲೈವ್ ಓಡಿಸಿದ. ಗೋಧಿಯ ಕಣಜಗಳನ್ನು ದಾಟಿದೆವು.

"ಪಾಪ ಗಾರ್ತ್," ಎಂದ ಕ್ಲೈವ್. ನಿಜವಾಗಿಯೇ ಹೇಳಿದ, ಅವನಿಗೂ ಭಾವಮೈದುನ ಎಂದರೆ ಇಷ್ಟ. ಸ್ವಲ್ಪ ದೂರ ಹೋದ ಮೇಲೆ, "ಆದ್ರೂ ಅದೇನೋ ಸರಿಯಿಲ್ಲ ಕಣೇ. ಹೆಂಡತಿ ಕೂಡ ಸುಮ್ನೆ ಕೂತಿದ್ಲು. ಒಂದು ಮಾತಾಡ್ಲಿಲ್ಲ. ಏನೋ ಇದೆ. ನಿನಗೇನಾದ್ರೂ ಗೊತ್ತಾ?"

ರಸ್ತೆಯ ಎರಡೂ ಕಡೆ ಕತ್ತಲ ಹೊಲ.

"ನನಗೇನು ಗೊತ್ತಿರುತ್ತೆ?" ಎಂದೆ. "ಯಾರು ಏನು ಹೇಳ್ತಾರೆ ನನಗೆ?"

"ಅಲ್ಲ, ನೀನೂ ಸುಮ್ನೆ ಕೂತಿದ್ದೆ. ಸೋಮವಾರದಿಂದ ಆ ಹ್ಯಾಲರನ್‌ನ ಹಿಡಿದು ಜಾಡಿಸ್ತಿದ್ದೆ. ಇವತ್ತು ಜಾಡಿಸಬೇಕಾದ ಹೊತ್ತಲ್ಲಿ ಬಾಯಿಗೆ ಬೀಗ. ಏನಾಯ್ತು?"

ಅವನ ತಲೆ ಸ್ವಲ್ಪ ನನ್ನ ಕಡೆ ವಾಲಿತ್ತು. ಆ ವಾಲುವಿಕೆ ನನಗೆ ಮೂವತ್ತೊಂದು ವರ್ಷದಿಂದ ಗೊತ್ತು.

"ಏನಾಗೋದು?" ಎಂದೆ. "ಸಿಟ್ಟಿಗೆ ಮಾತೇ ಬರ್ಲಿಲ್ಲ. ಅವನೂ ಒಬ್ಬ ಮನುಷ್ಯನಾ? ಕರುಳು ಅನ್ನೋದೇ ಇಲ್ಲ ಅವನಿಗೆ. ಊರೆಲ್ಲ ಎದುರು ನಿಂತು ಹೇಗೆ ಓದಿದ ನೋಡು, ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಕಟುಕ!"

"ಹಾಂ, ಈಗ ಸರಿಹೋಯ್ತು," ಎಂದು ಕ್ಲೈವ್ ತಲೆಯನ್ನು ರಸ್ತೆಯ ಕಡೆ ತಿರುಗಿಸಿದ.

ಮನೆಗೆ ಇನ್ನೂ ಹದಿನೆಂಟು ಕಿಲೋಮೀಟರ್ ಇತ್ತು. ಕಣ್ಣಲ್ಲಿ ನೀರು ಬರುತ್ತಿತ್ತು, ಸಿಟ್ಟಿಗೆ ಬರುತ್ತಿದೆ ಎಂದು ಕ್ಲೈವ್ ತಿಳಿದುಕೊಂಡ. ಅಷ್ಟೂ ದೂರ ನಾನು ಹ್ಯಾಲರನ್‌ನನ್ನು ಬೈದೆ.